ಹರಕೆಯ ಕೋಳಿಮರಿ

ಅವ್ವಾ,

ಕಾಗದ ಎಂದರೆ ಮೊದಲು ಕ್ಷೇಮ ಬರೆಯಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಮದುವೆಯಾಗಿ ಬೆಟ್ಟಂಪಾಡಿಗೆ ಬಂದ ಮೇಲೆ ನಿನಗೆ ಬರೆದ ಕಾಗದಗಳಲ್ಲೆಲ್ಲ ಅದನ್ನೇ ಬರೆದೆ. ನಾನು ಕ್ಷೇಮ, ಇಲ್ಲಿ ಎಲ್ಲರೂ ಕ್ಷೇಮ. ನಿನಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅಪ್ಪನ ಬಾಯಲ್ಲಿ ಬರಬಾರದ ಮಾತನ್ನು ಬರೆಯುವುದು ಹೇಗೆ? ಹಾಗಾಗಿ ಬರೆಯದೇ ಉಳಿಸಿಕೊಂಡೆ. ಈಗ ನೀನು ಹೋಗಿ ಮೂರು ವರ್ಷವಾಯಿತು. ನಡುವೆ ಓದಿ ಹೇಳುವವರು ಇನ್ನು ಬೇಕಿಲ್ಲ ಎಂದುಕೊಂಡು ಕೂತಿದ್ದೇನೆ. ಕ್ಷೇಮ ಎಂದು ಮಾತ್ರ ಇವತ್ತು ಬರೆಯಲಾರೆ.

ಆ ಕೋಳಿಮರಿಯ ನೆನಪುಂಟಾ ನಿನಗೆ? ಇರದೇ ಹೇಗಿರುತ್ತದೆ. ಆದರೆ ನಾವಿಬ್ಬರೂ ಅದರ ಮಾತನ್ನು ಒಂದು ದಿನವೂ ಎತ್ತಲಿಲ್ಲ. ನಾನು ಒಂಬತ್ತು ವರ್ಷದವಳಿದ್ದಾಗಿನಿಂದ ನೀನು ಕಣ್ಣು ಮುಚ್ಚುವವರೆಗೆ, ಒಮ್ಮೆಯೂ.

ನನಗೆ ಜ್ವರ ಬಂದಾಗ ಅಪ್ಪ ಮರ ಕಡಿಯುವ ಕೂಪಿನಲ್ಲಿದ್ದ. ಸುದ್ದಿ ತಲುಪಿ ಅವನು ಕಾಡಿನಿಂದ ಇಳಿದು ಬರುವಾಗ ಐದು ದಿನ ಕಳೆದಿತ್ತು. ನನ್ನನ್ನು ಹೆಗಲಿಗೆ ಹಾಕಿಕೊಂಡು ಸುಳ್ಯದ ತನಕ ನಡೆದ, ಅಲ್ಲಿಂದ ಬಸ್ಸಿನಲ್ಲಿ ಪುತ್ತೂರಿಗೆ. ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಇದು ಇಪ್ಪತ್ತೊಂದು ದಿನದ ಜ್ವರ, ಇಳಿಯುವಾಗ ತಾನಾಗಿ ಇಳಿಯಬೇಕು ಎಂದರಂತೆ. ಒಂದು ಬಾಟ್ಲಿಯಲ್ಲಿ ಕೆಂಪು ಮದ್ದು ಕೊಟ್ಟರು. ಎಷ್ಟೆಷ್ಟು ಕುಡಿಯಬೇಕೆಂದು ಕಾಗದದ ಪಟ್ಟಿ ಕತ್ತರಿಸಿ ಬಾಟ್ಲಿಗೆ ಅಂಟಿಸಿದ್ದರು. ನೀನು ಆ ಪಟ್ಟಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದುದು ಈಗಲೂ ಕಾಣುತ್ತದೆ. ಮದ್ದು ಇಳಿಯುತ್ತಿತ್ತು, ಜ್ವರ ಇಳಿಯುತ್ತಿರಲಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನೀನು ಹೊಸ್ತಿಲಲ್ಲಿ ನಿಂತು ಗುಡ್ಡೆಯ ಕಡೆ ಕೈ ಮುಗಿದೆ. ಅಲ್ಲಿ ಹಲಸಿನ ಮರದ ಬುಡದಲ್ಲಿ ನಮ್ಮ ಮನೆಯ ದೈವ ಗುಳಿಗನ ಕಲ್ಲು ಇತ್ತಲ್ಲ, ಅದಕ್ಕೆ. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ ನೀನು. ಈ ಹುಡುಗಿ ಎದ್ದು ಕೂತರೆ ನಿನಗೊಂದು ಹುಂಜ ಕೊಡುತ್ತೇನೆ, ಇದೇ ಮನೆಯಲ್ಲಿ ಮೊಟ್ಟೆಯೊಡೆದು ನನ್ನ ಕೈಯಲ್ಲೇ ಬೆಳೆದದ್ದು, ಎಂದು ಹೇಳಿಕೊಂಡೆ. ಸಂತೆಯಿಂದ ತಂದ ಹುಂಜವನ್ನು ಯಾರು ಬೇಕಾದರೂ ಕೊಡಬಹುದು. ನಿನಗೆ ಅದು ಸಾಲದೆ ಹೋಯಿತು. ಅಡಿಗೆಮನೆಯ ಮೂಲೆಯಲ್ಲಿ ಬೂದಿ ಬಣ್ಣದ ಹೇಂಟೆ ಒಂಬತ್ತು ಮೊಟ್ಟೆಗೆ ಕಾವು ಕೂತಿತ್ತು. ಒಂಬತ್ತರಲ್ಲಿ ಒಂದಾದರೂ ಹುಂಜ ಆಗದೇ ಇರುತ್ತದೆಯೇ ಎಂಬ ಧೈರ್ಯದಲ್ಲಿ ಹೇಳಿಕೊಂಡಿರಬೇಕು.

ಜ್ವರ ಇಳಿಯಿತು. ಅದೇ ವಾರ ಮೊಟ್ಟೆಗಳೂ ಒಡೆದವು. ಏಳು ಮರಿಗಳು ಒಂದೇ ದಿನ ಹೊರಬಂದವು. ಒಂದು ಮೊಟ್ಟೆ ಹಾಳಾಗಿತ್ತು. ಇನ್ನೊಂದರೊಳಗಿನಿಂದ ಮಾರನೇ ದಿನ ಸಣ್ಣಗೆ ಸದ್ದು ಬರುತ್ತಿತ್ತು. ನೀನು ಉಗುರಿನಿಂದ ಸಿಪ್ಪೆ ಬಿಡಿಸಿ ಅದನ್ನು ಹೊರಗೆ ತೆಗೆದೆ. ಒದ್ದೆ ಹತ್ತಿಯ ಉಂಡೆಯ ಹಾಗಿತ್ತು. ಕಾಲು ಎರಡೂ ಎರಡು ಕಡೆಗೆ ಜಾರುತ್ತಿದ್ದವು. ಹೇಂಟೆ ಅದನ್ನು ಒಮ್ಮೆ ನೋಡಿ, ಕೊಕ್ಕಿನಿಂದ ದೂಡಿ, ಉಳಿದ ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿಯಿತು. ಅದು ನಿಲ್ಲುವ ಮರಿಯಲ್ಲ, ಆದರೂ ಹುಡುಗಿಗೆ ಹೊತ್ತು ಹೋಗಲಿ ಎಂದು ನೀನು ಅದನ್ನೊಂದು ಬುಟ್ಟಿಯಲ್ಲಿ ಹಳೇ ಸೀರೆಯ ಚೂರು ಹಾಸಿ ನನ್ನ ಚಾಪೆಯ ಬದಿಗೆ ಇಟ್ಟೆ.

ನನಗೂ ಆಗ ನಿಲ್ಲಲು ಬರುತ್ತಿರಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಮೊಣಕಾಲು ನಡುಗುತ್ತಿತ್ತು. ತಲೆ ಬಾಚಿದರೆ ಕೂದಲು ಮುಷ್ಟಿ ಮುಷ್ಟಿ ಬರುತ್ತಿತ್ತು. ನಾವಿಬ್ಬರೂ ಮಲಗಿದಲ್ಲೇ ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

ಹತ್ತು ದಿನದಲ್ಲಿ ಊರಿಗೆ ಕೊಕ್ಕರೆ ರೋಗ ಬಂತು. ಬೆಳಿಗ್ಗೆ ಅಂಗಳದಲ್ಲಿದ್ದ ಕೋಳಿ ಮಧ್ಯಾಹ್ನ ಕುತ್ತಿಗೆ ತಿರುಚಿಕೊಂಡು ಬೀಳುತ್ತಿತ್ತು. ಮೇಲಿನ ಮನೆಯ ಗೂಡು ಖಾಲಿಯಾಯಿತು, ಕೆಳಗಿನ ಮನೆಯದ್ದೂ. ನಮ್ಮ ಬೂದಿ ಹೇಂಟೆ ಹೋಯಿತು, ಎರಡು ದಿನದಲ್ಲಿ ಏಳು ಮರಿಗಳೂ ಹೋದವು. ನೀನು ಅವನ್ನು ಹೆಡಿಗೆಯಲ್ಲಿ ಹಾಕಿ ನೀರಿನ ತೋಡಿನಾಚೆ ಹೂಳಿ ಬಂದೆ. ಕೈಕಾಲು ತೊಳೆದು ಒಳಗೆ ಬಂದವಳು ನನ್ನ ಪಕ್ಕದ ಬುಟ್ಟಿಯನ್ನು ನೋಡಿದೆ. ಇಡೀ ಮನೆಯಲ್ಲಿ, ಇಡೀ ಊರಿನಲ್ಲಿ ಎಂದರೂ ಆದೀತು, ಉಳಿದದ್ದು ಅದೊಂದೇ. ಹೊರಗೆ ಹೋಗಲು ಕಾಲಿಲ್ಲದ್ದರಿಂದ ಉಳಿದದ್ದು. ನೀನು ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ ರೀತಿ ಅವತ್ತಿನಿಂದ ಬೇರೆಯಾಯಿತು ಅವ್ವ. ನಾನು ಮಲಗಿದಲ್ಲಿಂದ ಅದನ್ನು ನೋಡಿದೆ. ನನಗೆ ಅರ್ಥವಾಯಿತು.

ಆಮೇಲಿನ ದಿನಗಳಲ್ಲಿ ನೀನು ಅದಕ್ಕೆ ಮಾಡದ್ದು ಏನುಂಟು? ತೆಂಗಿನ ಗೆರಟೆಯಲ್ಲಿ ಬಿಸಿ ಬೂದಿ ತುಂಬಿ, ಬಟ್ಟೆ ಸುತ್ತಿ, ಬುಟ್ಟಿಯೊಳಗೆ ಇಡುತ್ತಿದ್ದೆ. ತಣಿಯುವ ಮೊದಲೇ ಬದಲಾಯಿಸುತ್ತಿದ್ದೆ. ನುಚ್ಚನ್ನು ಬೇಯಿಸಿ, ಹಿಸುಕಿ, ಕಡ್ಡಿಯ ತುದಿಯಲ್ಲಿ ಕೊಕ್ಕಿಗೆ ಮುಟ್ಟಿಸುತ್ತಿದ್ದೆ. ನೀರುಳ್ಳಿಯ ರಸಕ್ಕೆ ಅರಸಿನ ಸೇರಿಸಿ ಒಂದು ಹನಿ, ಕಾಳುಮೆಣಸು ಅರೆದ ನೀರು ಒಂದು ಹನಿ. ಗುಡ್ಡೆಯಿಂದ ಹುತ್ತದ ಮಣ್ಣಿನ ಹೆಂಟೆ ತಂದು ಒಡೆದು, ಗೆದ್ದಲನ್ನು ಒಂದೊಂದಾಗಿ ಅದರ ಮುಂದೆ ಉದುರಿಸುತ್ತಿದ್ದೆ. ಬೇರೆ ಮರಿಯಾದರೆ ಹಾರಿ ಹಾರಿ ತಿನ್ನುತ್ತಿತ್ತು. ಇದು ಕುತ್ತಿಗೆ ಓರೆ ಮಾಡಿ ನೋಡುತ್ತಿತ್ತು, ಅಷ್ಟರಲ್ಲಿ ಗೆದ್ದಲು ದೂರ ಹರಿದು ಹೋಗಿರುತ್ತಿತ್ತು. ಹಿಂಬದಿ ಅಂಟಿಕೊಂಡರೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆ, ನನಗೆ ಒರೆಸುತ್ತಿದ್ದ ಹಾಗೆಯೇ.

ಅಪ್ಪ ಒಂದು ಸಲ ಕೂಪಿನಿಂದ ಬಂದವನು ಇದನ್ನೆಲ್ಲ ನೋಡಿ, ಯಾಕಿಷ್ಟು ಕಷ್ಟ, ಪುತ್ತೂರು ಸಂತೆಯಿಂದ ಒಳ್ಳೇ ಹುಂಜ ತಂದು ಕೊಟ್ಟರಾಯಿತು ಎಂದ. ನೀನು ತಲೆ ಎತ್ತಲಿಲ್ಲ.

"ಹಾಗೆ ಹೇಳಿಕೊಂಡದ್ದಲ್ಲ ನಾನು" ಎಂದೆ.

ಅಪ್ಪ ನನಗಾಗಿ ತಂದಿದ್ದ ರಸ್ಕಿನ ಪೊಟ್ಟಣವನ್ನು ನನ್ನ ತಲೆದೆಸೆಯಲ್ಲಿಟ್ಟು ಮಾರನೇ ದಿನ ಹೊರಟು ಹೋದ. ಆ ರಸ್ಕುಗಳಲ್ಲಿ ಅರ್ಧ ಮರಿಯ ಪಾಲಾದದ್ದು ನಿನಗೆ ಗೊತ್ತಿರಲಿಲ್ಲ. ನೀನು ಗದ್ದೆಗೆ ಹೋದಾಗ ನಾನು ಬಾಯಲ್ಲಿ ಮೆದು ಮಾಡಿ ಕೊಡುತ್ತಿದ್ದೆ. ನನ್ನ ಕೆಂಪು ಮದ್ದನ್ನೂ ಕೊಟ್ಟಿದ್ದೇನೆ, ಎರಡು ಹನಿ. ಅದು ಬದುಕಲಿ ಎಂದು ನಿನಗಿಂತ ಹೆಚ್ಚು ಬಯಸಿದವಳು ನಾನು. ಬದುಕಿದರೆ ಅದನ್ನು ಕೊಯ್ಯುತ್ತಾರೆ ಎಂದೂ ಗೊತ್ತಿತ್ತು. ಆ ಎರಡನ್ನೂ ಒಟ್ಟಿಗೆ ಯೋಚಿಸಲು ನನಗೆ ಆಗುತ್ತಿರಲಿಲ್ಲ. ಒಂದನ್ನು ಯೋಚಿಸುವಾಗ ಇನ್ನೊಂದನ್ನು ಬಿಟ್ಟುಬಿಡುತ್ತಿದ್ದೆ. ನಿನಗೂ ಹಾಗೆಯೇ ಆಗುತ್ತಿತ್ತೇ?

ಒಂದು ತಿಂಗಳು ದಾಟಿತು. ರೆಕ್ಕೆ ಮೂಡಬೇಕಾದಲ್ಲಿ ನಾಲ್ಕು ಕಡ್ಡಿ ಮೂಡಿದ್ದವು. ಇಡೀ ಮೈ ನನ್ನ ಅಂಗೈಯೊಳಗೆ ಕೂರುತ್ತಿತ್ತು. ಹುಂಜವೋ ಹೇಂಟೆಯೋ ಎಂದು ಹೇಳುವಷ್ಟೂ ಅದು ಬೆಳೆದಿರಲಿಲ್ಲ. ನೀನು ದಿನಾ ಅದರ ತಲೆಯ ಮೇಲೆ ಬೆರಳಾಡಿಸಿ ಜುಟ್ಟು ಏಳುತ್ತದೆಯೇ ಎಂದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಹಾಗೆ ನೋಡುತ್ತಿರುವಾಗ ನಾನು ಕೇಳಿಬಿಟ್ಟೆ:

"ಅವ್ವ, ಅದು ಸತ್ತರೆ ನಾನೂ ಸಾಯ್ತೇನಾ?"

ನಿನ್ನ ಕೈ ನಿಂತಿತು. "ಹಾಗೆಲ್ಲ ಎಂತ ಕೇಳುದು ನೀನು? ಗಂಜಿ ಕುಡಿ" ಎಂದೆ. ಗಂಜಿಯ ತಟ್ಟೆ ನನ್ನ ಮುಂದೆ ಇರಲೇ ಇಲ್ಲ. ನೀನು ಎದ್ದು ಹಿತ್ತಿಲಿಗೆ ಹೋದೆ. ಬಹಳ ಹೊತ್ತು ಬರಲಿಲ್ಲ. ಇಲ್ಲ ಎಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿನಗೂ ಗೊತ್ತಿಲ್ಲ ಎಂದು ಅವತ್ತು ತಿಳಿಯಿತು. ನಿನಗೆ ಗೊತ್ತಿಲ್ಲದ್ದು ಒಂದು ಉಂಟು ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿರಲಿಲ್ಲ...

ಅದು ಸತ್ತದ್ದು ನನ್ನ ಕೈಯಲ್ಲಿ. ಇದನ್ನು ಹೇಳಲೆಂದೇ ಈ ಕಾಗದ, ಅವ್ವ. ನೀನು ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದೆ. ಬೆಳಿಗ್ಗೆಯಿಂದ ಅದು ಕಣ್ಣು ತೆರೆದಿರಲಿಲ್ಲ. ನಾನು ಎದೆಗೆ ಒತ್ತಿಕೊಂಡು ಸೆರಗಿನಿಂದ ಮುಚ್ಚಿದ್ದೆ. ಸೆರಗೆಂದರೆ ನಿನ್ನ ಹಳೇ ಸೀರೆಯದ್ದು, ನಾನು ಹೊದೆಯುತ್ತಿದ್ದದ್ದು. ಎರಡು ಸಲ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಕಾಲು ಉದ್ದಕ್ಕೆ ಚಾಚಿ ಹಾಗೆಯೇ ಉಳಿಯಿತು. ನಾನು ಅದನ್ನು ಅಲುಗಾಡಿಸಿದೆ, ಬಾಯಿಗೆ ಊದಿದೆ, ಬಿಸಿ ಗೆರಟೆಯ ಮೇಲಿಟ್ಟೆ. ಆಮೇಲೆ ಬುಟ್ಟಿಯಲ್ಲಿ ಮಲಗಿಸಿ, ಬಟ್ಟೆ ಮುಚ್ಚಿ, ಗೋಡೆಗೆ ಮುಖ ಮಾಡಿ ಮಲಗಿದೆ. ನನ್ನ ಉಸಿರು ಬರುತ್ತಿದೆಯೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡೆ.

ನೀನು ಬಂದೆ. ಬುಟ್ಟಿಯ ಬಟ್ಟೆ ಸರಿಸಿದ್ದು ಕೇಳಿಸಿತು. ನೀನು ನನ್ನ ಮೇಲೆ ಬಗ್ಗಿದೆ, ನಿನ್ನ ಮೈಯ ಕೆಸರಿನ ವಾಸನೆ ಹತ್ತಿರ ಬಂತು. ನಾನು ಕಣ್ಣು ಬಿಗಿದುಕೊಂಡಿದ್ದೆ. "ಮರಿಯನ್ನು ಸ್ವಲ್ಪ ಬಿಸಿಲಿಗೆ ಇಡ್ತೇನೆ ಕಮಲ" ಎಂದೆ, ಮಲಗಿದವಳಿಗೆ ಕೇಳಿಸಬಾರದು, ಎದ್ದಿದ್ದರೆ ಕೇಳಿಸಬೇಕು ಎಂಬಷ್ಟು ಮೆಲ್ಲಗೆ. ಬುಟ್ಟಿ ಎತ್ತಿಕೊಂಡು ಹೊರಟು ಹೋದೆ.

ಮರಳಿ ಬಂದದ್ದು ಹೊತ್ತು ಕಂತುವಾಗ. ಬುಟ್ಟಿಯನ್ನು ನನ್ನ ಪಕ್ಕದಲ್ಲಿಟ್ಟೆ. ಬಟ್ಟೆ ಸರಿಸಿದರೆ ಮರಿಯೊಂದು ತಲೆ ಎತ್ತಿ ಚೀಂ ಎಂದಿತು. ಬಣ್ಣ ಅದೇ, ಗಾತ್ರವೂ ಹೆಚ್ಚು ಕಡಿಮೆ ಅದೇ. ನುಚ್ಚು ಹಾಕಿದರೆ ಟಕ್ ಟಕ್ ಎಂದು ಹೆಕ್ಕಿತು.

"ನೋಡು, ಬಿಸಿಲು ತಾಗಿದ್ದಕ್ಕೆ ಚೇತರಿಸಿತು" ಎಂದೆ ನೀನು.

ನಿನ್ನ ಕಣ್ಣು ಕೆಂಪಾಗಿ ಊದಿಕೊಂಡಿತ್ತು. ನೀನು ನಗಲು ನೋಡುತ್ತಿದ್ದೆ. ನಾನು ನಿನ್ನನ್ನು ನೋಡಿದೆ, ಮರಿಯನ್ನು ನೋಡಿದೆ. "ಹೌದವ್ವ, ಚೇತರಿಸಿತು" ಎಂದೆ. ಅವತ್ತು ನಾನು ಎರಡು ಸಲ ಗಂಜಿ ಕೇಳಿ ಕುಡಿದೆ. ಹಸಿವು ಇರಲಿಲ್ಲ. ನೀನು ಬಡಿಸುವುದನ್ನು ನಿಲ್ಲಿಸಬಾರದು ಎಂದು ಕುಡಿದೆ.

ಅದು ಹುಂಜವೇ ಆಯಿತು. ಕೆಂಪು ಜುಟ್ಟು, ಹೊಳೆಯುವ ಬಾಲ. ಕೊಡುವ ದಿನ ಅಪ್ಪನೂ ಬಂದಿದ್ದ. ಗುಳಿಗನ ಕಲ್ಲಿನ ಮುಂದೆ ನೀನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಕೊಡು ಎಂದು ಅಪ್ಪ ಎರಡು ಸಲ ಹೇಳಬೇಕಾಯಿತು. ಮನೆಗೆ ಬಂದು ಎಲ್ಲರಿಗೂ ಬಡಿಸಿದೆ, ನೀನು ಉಣ್ಣಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದೆ. ಆಮೇಲೆ ನನಗೆ ಒಂದು ಸೀನು ಬಂದರೂ ನಿನ್ನ ಮುಖ ಬಿಳಿಚಿಕೊಳ್ಳುತ್ತಿತ್ತು. ಮದುವೆಯಾಗಿ ಬಂದ ಮೇಲೂ, ಸುಳ್ಯದಿಂದ ಬಸ್ಸು ಹತ್ತಿ ಬಂದವಳು ಬಾಗಿಲಲ್ಲಿ ಚೀಲ ಇಳಿಸುವ ಮೊದಲು ನನ್ನ ಹಣೆ ಮುಟ್ಟಿ ನೋಡುತ್ತಿದ್ದೆ. ನನ್ನ ಅತ್ತೆ ನಗುತ್ತಿದ್ದರು. ನಾನು ಮಾತ್ರ ನಗಲಾರದೆ ಹೋಗುತ್ತಿದ್ದೆ.

ಪುತ್ತೂರಿನ ಆಸ್ಪತ್ರೆಯಲ್ಲಿ ನೀನು ಹೊಟ್ಟೆ ಊದಿಕೊಂಡು ಮಲಗಿದ್ದಾಗ ಹೇಳಬೇಕೆಂದಿದ್ದೆ. ನನಗೆ ಅವತ್ತೇ ಗೊತ್ತಿತ್ತು ಅವ್ವ, ಗೊತ್ತಿದ್ದೂ ನಾನು ಚೆನ್ನಾಗಿಯೇ ಬೆಳೆದೆ, ಇನ್ನು ಹೆದರಬೇಡ ಎಂದು. ನಾಲ್ಕು ದಿನ ನಿನ್ನ ಮಂಚದ ಬದಿಯಲ್ಲಿ ಕೂತೆ. ಹೇಳಿದರೆ ನೀನು ಇಷ್ಟು ವರ್ಷ ಮುಚ್ಚಿಟ್ಟದ್ದು ವ್ಯರ್ಥವಾಯಿತು ಎಂದು ನೊಂದುಕೊಳ್ಳುತ್ತೀಯೋ ಎನಿಸಿತು. ನಾಳೆ ಹೇಳೋಣ ಎಂದುಕೊಂಡೆ. ಐದನೇ ದಿನ ನೀನು ನನ್ನ ಕೈ ಹಿಡಿದು, ನಿನಗೆ ಜ್ವರ ಗಿರ ಏನೂ ಇಲ್ಲವಲ್ಲ ಎಂದು ಕೇಳಿದೆ. ಇಲ್ಲ ಎಂದೆ. ಅಷ್ಟೇ. ನಲವತ್ತು ತುಂಬಿತ್ತೋ ಇಲ್ಲವೋ ನಿನಗೆ.

ನೀನು ಹೋದ ಮರುವರ್ಷ ನನಗೆ ಮಗಳು ಹುಟ್ಟಿದಳು. ವೇದಾವತಿ ಎಂದು ಹೆಸರಿಟ್ಟರು, ನಾವು ವೇದ ಎನ್ನುತ್ತೇವೆ. ಈಗ ಎರಡು ವರ್ಷ. ಹನ್ನೊಂದು ದಿನದಿಂದ ಅವಳಿಗೆ ಜ್ವರ. ಮೊನ್ನೆ ಅವಳನ್ನು ಎತ್ತಿಕೊಂಡು ಪುತ್ತೂರಿಗೆ ಹೋಗಿದ್ದೆ. ಡಾಕ್ಟರು ಅವತ್ತು ಅಪ್ಪನಿಗೆ ಹೇಳಿದ್ದನ್ನೇ ನನಗೂ ಹೇಳಿದರು. ಈಗ ಹೊಸ ಮಾತ್ರೆ ಬಂದಿದೆ, ಅದರೊಳಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಕೊಡಬೇಕು. ಕೊಟ್ಟರೆ ಕಾರುತ್ತಾಳೆ. ಬಸ್ ನಿಲ್ದಾಣದಲ್ಲಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿರುವಾಗ ಯಾರೋ ನನ್ನ ಹೆಸರು ಹಿಡಿದು ಕರೆದರು. ತಿರುಗಿ ನೋಡಿದರೆ ಬೀಫಾತುಮ್ಮ. ತೋಡಿನಾಚೆಯ ಮನೆಯವರು, ಮೊಟ್ಟೆ ಕೊಳ್ಳಲು ಮನೆಮನೆಗೆ ಬರುತ್ತಿದ್ದರಲ್ಲ, ಅವರೇ. ತುಂಬ ಹಣ್ಣಾಗಿದ್ದಾರೆ. ಮಗುವಿನ ಹಣೆ ಮುಟ್ಟಿ ನೋಡಿದರು. ನನ್ನ ಮುಖ ನೋಡಿದರು. ಕಟ್ಟೆಯ ಮೇಲೆ ಕೂರಿಸಿ, ನಿನ್ನ ಸುದ್ದಿ ತೆಗೆದರು.

ನೀನು ಅವತ್ತು ಬುಟ್ಟಿ ಹಿಡಿದುಕೊಂಡು ಅವರ ಮನೆಗೇ ಓಡಿ ಹೋಗಿದ್ದೆಯಂತೆ. ಕಡಬದ ತಂಗಿಯ ಮನೆಯಿಂದ ಅವರು ಮರಿಗಳಿರುವ ಹೇಂಟೆಯೊಂದನ್ನು ತಂದಿದ್ದರಂತೆ. ಅದರಲ್ಲಿ ಬಣ್ಣ ಹೋಲುವ, ಎಲ್ಲಕ್ಕಿಂತ ಸಣ್ಣ ಮರಿಯನ್ನು ಹುಡುಕಿ ಕೊಟ್ಟರಂತೆ. ಇಷ್ಟು ನಾನು ಊಹಿಸಿದ್ದೆ.

"ನಿನ್ನ ಅವ್ವ ಅಲ್ಲಿಂದ ಸೀದಾ ಮನೆಗೆ ಬಂದದ್ದು ಅಂತ ಗ್ರಹಿಸಿದ್ದೀಯಾ?" ಎಂದರು. "ಇಲ್ಲ ಮಗಾ. ಅವಳು ಅಳುದು ನೋಡಿ ನಾನು ಹಿಂದೆಯೇ ಹೋದೆ. ಆ ಕಲ್ಲಿನ ಹತ್ತಿರ ಹೋದಳು. ನಾನು ದಾರಿಯಲ್ಲೇ ನಿಂತೆ. ಸತ್ತದ್ದನ್ನೂ ಜೀವ ಇದ್ದದ್ದನ್ನೂ ಎರಡನ್ನೂ ಅಲ್ಲಿಟ್ಟಳು. ನನ್ನ ಕೈಯಲ್ಲಿ ಆದದ್ದು ಇಷ್ಟೇ, ಕಡಿಮೆ ಬಿದ್ದದ್ದನ್ನು ನನ್ನ ಆಯುಷ್ಯದಲ್ಲಿ ತೆಗೆದುಕೋ, ಹುಡುಗಿಯನ್ನು ಬಿಡು ಅಂತ ಹೇಳಿದಳು. ನಾನು ನನ್ನ ಕಿವಿಯಾರೆ ಕೇಳಿದ್ದು."

ಬಸ್ಸು ಬಂತು. ನಾನು ಹತ್ತಿ ಕೂತೆ. ಕೆದಂಬಾಡಿ ದಾಟುವವರೆಗೆ ನನಗೆ ನಿನ್ನ ಮೇಲೆ ಬರೀ ಸಿಟ್ಟು. ಯಾರು ಕೇಳಿದ್ದರು ನಿನ್ನನ್ನು? ಹಾಗೆ ಹೇಳಿಕೊಂಡು ನಲವತ್ತಕ್ಕೇ ಹೊರಟು ಹೋದೆಯಲ್ಲ, ನಾನು ಉಳಿದ ವರ್ಷಗಳನ್ನು ಯಾರವೆಂದು ಬದುಕಲಿ? ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು, ಅದರಿಂದ ಹೋದೆ ಎಂದು ಡಾಕ್ಟರು ಹೇಳಿದ್ದರು. ನಾನೂ ಅದನ್ನೇ ನಂಬುತ್ತೇನೆ. ನಂಬಿದ್ದೆ. ಈಗ ಬೆಳಿಗ್ಗೆ ಒಂದು ನಂಬುತ್ತೇನೆ, ಸಂಜೆ...

ಇಂಥ ಮಾತನ್ನು ನಾನು ಯಾವತ್ತೂ ಆಡುವುದಿಲ್ಲ ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ನಿನ್ನೆ ಮಧ್ಯಾಹ್ನ ವೇದ ಕಣ್ಣು ಮೇಲೆ ಮಾಡಿದಳು. ಕರೆದರೆ ಓಗೊಡಲಿಲ್ಲ. ಇವರು ಪುನಃ ಮದ್ದಿಗೆಂದು ಹೋಗಿದ್ದರು, ಅತ್ತೆ ಒದ್ದೆ ಬಟ್ಟೆ ಹಿಂಡುತ್ತಿದ್ದರು. ನನಗೆ ಮಾಡಲು ಏನೂ ಉಳಿದಿರಲಿಲ್ಲ. ಏನೂ ಅಂದರೆ ಏನೂ. ಎದ್ದು ಬಾಗಿಲಿಗೆ ಬಂದೆ. ಇಲ್ಲಿ ಗುಡ್ಡೆಯೂ ಇಲ್ಲ, ಕಲ್ಲೂ ಇಲ್ಲ, ಎದುರಿಗೆ ಬರೀ ರಸ್ತೆ. ಆ ರಸ್ತೆಯ ಕಡೆಗೆ ಕೈ ಮುಗಿದು, ಅವತ್ತು ಕಲ್ಲಿನ ಮುಂದೆ ನೀನು ಹೇಳಿದ್ದನ್ನೇ ಹೇಳಿದೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೇಳಿ ಮುಗಿದು ಕೈ ಇಳಿಸಿದ ಮೇಲೆ ನೆನಪಾಯಿತು.

ನನಗೆ ಈಗ ಐದು ತಿಂಗಳು, ಅವ್ವ. ಇದು ನಿನಗೆ ಗೊತ್ತಿಲ್ಲದ ಸುದ್ದಿ. ಹೊಟ್ಟೆಯಲ್ಲಿ ಇನ್ನೊಂದು ಉಂಟು, ನಾನು ಅದನ್ನು ಮರೆತು ನನ್ನ ಆಯುಷ್ಯವನ್ನು ಕೊಡಲು ಹೋದೆ. ಬಾಯಿಂದ ಹೋದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಬೇಡ ಎಂದು ಹೇಳಲು ಹೆದರಿಕೆ, ವೇದಳಿಗೇನಾದರೂ ಆದರೆ? ಹಾಗೆಯೇ ಬಿಡಲೂ ಹೆದರಿಕೆ. ಇವರಿಗೆ ಹೇಳಿಲ್ಲ, ಅತ್ತೆಗೆ ಹೇಳಿಲ್ಲ. ಹೇಳುವುದಾದರೆ ನಿನಗೇ ಹೇಳಬೇಕು. ಅಲ್ಲಿ ಯಾರನ್ನಾದರೂ ಕೇಳಲು ಆಗುವುದಾದರೆ, ನನ್ನ ಪರವಾಗಿ ಒಂದು ಮಾತು ಕೇಳು. ಮೂವರನ್ನೂ ಇರಲು ಬಿಡಲಿ ಎಂದು.

ಬೆಳಿಗ್ಗೆ ಅವಳ ಹಣೆ ತಣ್ಣಗಿತ್ತು. ಮಧ್ಯಾಹ್ನ ಮತ್ತೆ ಸ್ವಲ್ಪ ಬಿಸಿಯಾಯಿತು. ಇಳಿಯುತ್ತಿದೆಯೋ, ಸುಮ್ಮನೆ ನಿಂತಿದೆಯೋ ನನಗೆ ತಿಳಿಯುತ್ತಿಲ್ಲ. ಅವಳು ದೊಡ್ಡವಳಾದರೆ ಇದನ್ನು ಅವಳಿಗೆ ಎಂದೂ ಹೇಳುವುದಿಲ್ಲ, ಬೇರೆಯವರ ಬಾಯಿಂದಲೂ ಕೇಳಿಸಲು ಬಿಡುವುದಿಲ್ಲ. ಅಷ್ಟು ಮಾತ್ರ ನಿನಗೆ ಕೊಡಬಲ್ಲ ಮಾತು.

ಇಲ್ಲಿಗೆ ನಿಲ್ಲಿಸುತ್ತೇನೆ ಅವ್ವ. ವೇದ ಎದ್ದಿದ್ದಾಳೆ. ನೀರು ಎನ್ನುತ್ತಿದ್ದಾಳೆ. ಹನ್ನೊಂದು ದಿನದಲ್ಲಿ ಅವಳಾಗಿ ಬಾಯಿ ಬಿಟ್ಟು ಏನಾದರೂ ಕೇಳಿದ್ದು ಇದೇ ಮೊದಲು.

ಕಮಲ